ಅಂತಃಪುರಕ್ಕೆ ಬಿದ್ದ ಚೆಂಡು

ಮುದಿ ರಾಜ, ಹರೆಯದ ರಾಣಿ, ಆಕೆಯ ವಯಸ್ಸಿಗೇ ಹತ್ತಿರದ ಮಲಮಗ. ಈ ಮೂವರ ದುರಂತವನ್ನು 2006ರಲ್ಲಿ ಎರಡು ಚಿತ್ರಗಳು ತೆರೆಗೆ ತಂದವು. ಒಂದು, ಎಚ್.ಆರ್. ಭಾರ್ಗವ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’. ಇನ್ನೊಂದು, ಚೀನಾದ ಝಾಂಗ್ ಯಿಮೌ ನಿರ್ದೇಶಿಸಿದ ‘ಕರ್ಸ್ ಆಫ್ ದಿ ಗೋಲ್ಡನ್ ಫ್ಲವರ್’.

ಕುಮಾರರಾಮ ಕಂಪಿಲರಾಯನ ಮಗ. ಈಗಿನ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವರ ಕೋಟೆ. ದೆಹಲಿಯ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟಿದ್ದಕ್ಕಾಗಿ ಮಹಮ್ಮದ್ ಬಿನ್ ತುಘಲಕ್ ದಂಡು ಕಳಿಸಿದ. 1327ರ ಹೊತ್ತಿಗೆ ಆ ಪುಟ್ಟ ರಾಜ್ಯ ಅಳಿಯಿತು. ಚರಿತ್ರೆ ಹೇಳುವುದು ಇಷ್ಟು. ಅರಮನೆಯ ಒಳಗಿನ ಕಥೆಯನ್ನು ಉಳಿಸಿದ್ದು ಜನಪದರು ಮತ್ತು ಸಾಂಗತ್ಯ ಕವಿಗಳು. ಅವರಲ್ಲಿ ಮುಖ್ಯನಾದವನು ‘ರಾಮನಾಥ ಚರಿತೆ’ ಬರೆದ ನಂಜುಂಡ ಕವಿ.

ಗೆಳೆಯರೊಡನೆ ಆಡುವಾಗ ರಾಮನ ಚೆಂಡು ಹಾರಿ ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಆಕೆ ಮೋಹಿಸುತ್ತಾಳೆ. ರಾಮ ಪರನಾರಿ ಸಹೋದರ. ತಂದೆಯ ಮಡದಿ ತಾಯಿಯೆಂದು ಹೇಳಿ ಹೊರಡುತ್ತಾನೆ. ಅವಮಾನಗೊಂಡ ರತ್ನಾಜಿ, ಅವನೇ ತನ್ನ ಮೇಲೆ ಕೈಮಾಡಿದನೆಂದು ದೂರುತ್ತಾಳೆ. ಮಗನನ್ನು ಕರೆದು ಒಂದು ಮಾತೂ ಕೇಳದೆ ಕಂಪಿಲ ತಲೆ ಕಡಿಯಲು ಅಪ್ಪಣೆ ಕೊಡುತ್ತಾನೆ. ಕಥೆ ನಿಜವಾಗಿ ಕೆಡುವುದು ಇಲ್ಲಿ, ಚೆಂಡು ಬಿದ್ದಲ್ಲಿ ಅಲ್ಲ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೆ ತಲೆಯನ್ನು ಒಪ್ಪಿಸುತ್ತಾನೆ. ದೆಹಲಿಯ ಸೈನ್ಯ ಕೋಟೆಯನ್ನು ಮುತ್ತಿದಾಗ, ಸತ್ತನೆಂದುಕೊಂಡಿದ್ದ ಮಗ ಹೊರಬಂದು ಕಾದುತ್ತಾನೆ. ಕೊನೆಗೆ ಮಾತಂಗಿಯೆಂಬ ವೀರವನಿತೆಯ ಮುಂದಾಳತ್ವದ ದಂಡಿನೆದುರು ಮಡಿಯುತ್ತಾನೆ. ಮಲೆನಾಡಿನ ಕೆಲವು ಊರುಗಳಲ್ಲಿ ಕುಮಾರರಾಮನ ಮರದ ತಲೆಗೆ ಪೂಜೆಯುಂಟು.

ಈ ಬಗೆಯ ಕಥೆ ಭಾರತಕ್ಕೆ ಹಳೆಯದು. ಅಶೋಕನ ಮಗ ಕುಣಾಲ ಮಲತಾಯಿ ತಿಷ್ಯರಕ್ಷಿತೆಯಿಂದ ಕಣ್ಣು ಕಳೆದುಕೊಳ್ಳುತ್ತಾನೆ; ತೆಲುಗರ ಸಾರಂಗಧರ ಚಿತ್ರಾಂಗಿಯ ದೂರಿನಿಂದ ಕೈಕಾಲು ಕಳೆದುಕೊಳ್ಳುತ್ತಾನೆ. ಎಲ್ಲ ಕಡೆ ಮಗ ನಿರ್ದೋಷಿ, ರಾಣಿ ಪಾಪಿ. ಹರೆಯದಲ್ಲಿ ಮುದುಕನ ಕೈಹಿಡಿದವಳ ಒಡಲ ಸಂಕಟವನ್ನು ಈ ಕಥೆಗಳು ಕೇಳುವುದಿಲ್ಲ. ರಾಣಿಯ ಒಳಗುದಿ ಕನ್ನಡಕ್ಕೆ ತಿಳಿಯದ್ದೇನಲ್ಲ: 1209ರಲ್ಲಿ ‘ಯಶೋಧರ ಚರಿತೆ’ ಬರೆದ ಜನ್ನ, ಮಾವುತನಿಗೆ ಒಲಿದ ಅಮೃತಮತಿಯನ್ನು ದೂಷಿಸುತ್ತಲೇ ಆಕೆಯ ಮನಸ್ಸಿನ ಬೇಗೆಯನ್ನೂ ಕಾಣಿಸಿದ. ರತ್ನಾಜಿಗೆ ಅಂಥ ಕವಿ ಸಿಗಲಿಲ್ಲ.

ಝಾಂಗ್ ಯಿಮೌ ಚಿತ್ರ ಕಥೆಯನ್ನು ರಾಣಿಯ ಕೋಣೆಯಿಂದಲೇ ಹೇಳುತ್ತದೆ. ಇದರ ಮೂಲ ತ್ಸಾವೊ ಯು 1930ರ ದಶಕದಲ್ಲಿ ಬರೆದ ‘ಗುಡುಗುಮಳೆ’ ಎಂಬರ್ಥದ ಹೆಸರಿನ ನಾಟಕ. ಅಲ್ಲಿ ಗಣಿ ಮಾಲೀಕನೊಬ್ಬನ ಮನೆಯಲ್ಲಿ ನಡೆಯುವುದನ್ನು ಚಿತ್ರ ಹತ್ತನೆಯ ಶತಮಾನದ ಅರಮನೆಗೆ ಒಯ್ಯುತ್ತದೆ. ಗೊಂಗ್ ಲಿ ನಟಿಸಿದ ಸಾಮ್ರಾಜ್ಞಿಗೂ ಮಲಮಗ ಯುವರಾಜ ವಾನ್‌ಗೂ ಗುಟ್ಟಿನ ಸಂಬಂಧ. ಚಕ್ರವರ್ತಿ (ಚೌ ಯುನ್ ಫ್ಯಾಟ್) ಬಾಯಿಬಿಟ್ಟು ಏನೂ ಹೇಳದೆ, ಆಕೆಯ ದಿನನಿತ್ಯದ ಔಷಧಿಗೆ ವಿಷ ಬೆರೆಸುತ್ತಾನೆ. ಹೊತ್ತುಹೊತ್ತಿಗೆ ಬಟ್ಟಲು ಬರುತ್ತದೆ, ಎಲ್ಲರ ಕಣ್ಣೆದುರೇ ಆಕೆ ಕುಡಿಯಬೇಕು. ಇತ್ತ ವಾನ್ ಒಲಿದ ವೈದ್ಯನ ಮಗಳು ಅವನ ಹೆತ್ತ ತಾಯಿಗೇ ಹುಟ್ಟಿದ ತಂಗಿಯೆಂದು ಬಯಲಾಗುತ್ತದೆ. ಸೇವಂತಿಗೆ ಹಬ್ಬದ ರಾತ್ರಿ ತಾಯಿಯ ಪರವಾಗಿ ನಡುವಿನ ಮಗ ಬಂಡೇಳುತ್ತಾನೆ, ಹೂ ಹಾಸಿದ ಅಂಗಳದಲ್ಲಿ ಸೈನಿಕರ ಹೆಣಗಳು ಬೀಳುತ್ತವೆ. ಮೊದಲ ಮಗ ವಾನ್‌ನನ್ನು ಕಿರಿಯವನು ಕೊಲ್ಲುತ್ತಾನೆ, ಕಿರಿಯವನನ್ನು ತಂದೆ ಬಡಿದು ಸಾಯಿಸುತ್ತಾನೆ. ತಾಯಿಗೆ ತಾನೇ ವಿಷ ಕುಡಿಸಿದರೆ ಕ್ಷಮಿಸುವೆನೆಂಬ ತಂದೆಯ ಮಾತು ಕೇಳಿ ನಡುವಿನವನು ತನ್ನ ಕೊರಳನ್ನೇ ಕೊಯ್ದುಕೊಳ್ಳುತ್ತಾನೆ. ಆ ಹೊತ್ತಿಗೂ ಔಷಧಿಯ ಬಟ್ಟಲು ತಪ್ಪದೆ ಬರುತ್ತದೆ. ಸಾಮ್ರಾಜ್ಞಿ ಅದನ್ನು ಕೈಯಿಂದ ಹೊಡೆದು ಚೆಲ್ಲುತ್ತಾಳೆ. ಚೆಲ್ಲಿದ ಕಷಾಯ ಅಲ್ಲಿ ಕೆತ್ತಿದ್ದ ಸೇವಂತಿಗೆ ಹೂವನ್ನು ಸುಡುತ್ತಾ ಹರಿಯುತ್ತದೆ.