ಭರಣಿಯಲ್ಲಿ ಹಣ್ಣಿನ ವೈನ್, ಬಾವಿಯಲ್ಲಿ ತಳ ಕಂಡ ನೀರು: ಬೇಸಿಗೆ ಹಿತ್ತಲಿನ ಲೆಕ್ಕಾಚಾರ

ಉಡುಪಿ: ಏಪ್ರಿಲ್ ಕಳೆದು ಮೇ ಬಂತೆಂದರೆ ನಮ್ಮ ಹಿತ್ತಲಿನಲ್ಲಿ ಎರಡು ಸಂಗತಿ ಒಟ್ಟಿಗೇ ಶುರುವಾಗುತ್ತದೆ. ಮರದಲ್ಲಿ ಹಣ್ಣು ತಿಂದು ಮುಗಿಯುವುದಿಲ್ಲ, ಬಾವಿಯಲ್ಲಿ ನೀರು ಸಾಕಾಗುವುದಿಲ್ಲ. ಕಾರ್ಕಳದ ಗುಡ್ಡಗಳಲ್ಲಿ ಬೀಜ ತಿರುಚಿಕೊಂಡ ಮೇಲೆ ಗೇರುಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಕಾಪು ಕಡೆಯ ಮನೆಗಳಲ್ಲಿ ಕಾಟುಮಾವು, ಹಲಸು ನೆರೆಕರೆಗೆಲ್ಲ ಹಂಚಿದರೂ ಉಳಿಯುತ್ತದೆ. ಅಷ್ಟರಲ್ಲಿ ಮೊಬೈಲಿಗೆ ಒಂದು ವಿಡಿಯೋ ಬರುತ್ತದೆ. ಒಂದು ಕಿಲೋ ಹಣ್ಣು, ಒಂದು ಕಿಲೋ ಸಕ್ಕರೆ, ಚಿಟಿಕೆ ಈಸ್ಟ್, ಒಂದು ಹಿಡಿ ಗೋಧಿ, 21 ದಿನ. ವೈನ್ ರೆಡಿ!

ದಿನಸಿ ಅಂಗಡಿಯವರಿಗೆ ಇದು ಹೊಸತಲ್ಲ. "ಈಸ್ಟ್ ಉಂಟಾ ಮಾರಾಯ್ರೆ?" ಎಂದು ಕೇಳಿಕೊಂಡು ಬರುವವರೆಲ್ಲ ಬ್ರೆಡ್ ಮಾಡುವವರಲ್ಲ ಎಂದು ಅವರಿಗೂ ಗೊತ್ತು. ಕ್ರಿಸ್ಮಸ್ ಹೊತ್ತಿಗೆ ಕುಸ್ವಾರ್ ಜೊತೆ ದ್ರಾಕ್ಷಿ ವೈನ್ ಇಡುವ ಪದ್ಧತಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಹಿಂದಿನಿಂದ ಉಂಟು. ಈಗ ಅದು ಬೇಸಿಗೆಗೂ ಬಂದಿದೆ, ದ್ರಾಕ್ಷಿಯ ಜಾಗಕ್ಕೆ ಗೇರು, ಅನಾನಸು, ನೇರಳೆ ಬಂದಿವೆ. ಹೆಚ್ಚಿನವರ ತಿಳಿವಳಿಕೆ ಒಂದೇ: "ಉಪ್ಪಿನಕಾಯಿ ಹಾಕಿದ ಹಾಗೆ, ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಭರಣಿ ಒಂದೇ ಇರಬಹುದು, ಕಾನೂನು ಬೇರೆ.

ಲೈಸೆನ್ಸ್ ಇಲ್ಲದೆ ಆಗುವುದಿಲ್ಲ

ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಮದ್ಯ ಎಂದರೆ ಬ್ರಾಂದಿ, ವಿಸ್ಕಿ ಮಾತ್ರ ಅಲ್ಲ. ವೈನ್, ಬಿಯರ್, ಶೇಂದಿ, ಒಟ್ಟಿನಲ್ಲಿ ಆಲ್ಕೋಹಾಲ್ ಇರುವ ಯಾವ ದ್ರವವೂ ಅದರೊಳಗೆ ಬರುತ್ತದೆ. ಕಾಯ್ದೆಯ 13ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ಅದನ್ನು ತಯಾರಿಸುವುದನ್ನು ನಿಷೇಧಿಸುತ್ತದೆ. ತಯಾರಿಸುವ ಉದ್ದೇಶದಿಂದ ಪಾತ್ರೆ, ಸಾಮಾನು ಇಟ್ಟುಕೊಳ್ಳುವುದೂ ಅದರೊಳಗೇ ಬಂತು. ತಪ್ಪಿದರೆ 32ನೇ ಸೆಕ್ಷನ್‌ನಲ್ಲಿ ಜೈಲು ಮತ್ತು ದಂಡ ಎರಡೂ ಉಂಟು. "ಮಾರುವುದಿಲ್ಲ, ಮನೆಗೆ ಮಾತ್ರ" ಎಂಬ ಸಮಾಧಾನ ನಾವು ನಾವೇ ಹೇಳಿಕೊಳ್ಳುವುದು, ಕಾಯ್ದೆ ಹೇಳಿದ್ದಲ್ಲ.

ಮಾರಾಟಕ್ಕೆ ಇಳಿದರಂತೂ ಕಷ್ಟ ಇಮ್ಮಡಿ. ವಾಟ್ಸಾಪ್ ಗ್ರೂಪಿನಲ್ಲಿ "ಹೋಮ್ ಮೇಡ್ ವೈನ್, ಆರ್ಡರ್ ಕೊಡಿ" ಎಂದು ಫೋಟೋ ಹಾಕುವುದು ತಾನೇ ಸಾಕ್ಷಿ ಬರೆದುಕೊಟ್ಟ ಹಾಗೆ. ಅಂಗಡಿಯವರು ಇಲ್ಲಿ ಸ್ವಲ್ಪ ಜಾಗ್ರತೆ. ಪರಿಚಯದವರು ನಾಲ್ಕು ಬಾಟ್ಲಿ ತಂದು "ಇಟ್ಟುಕೊಳ್ಳಿ, ಹೋದರೆ ಕಮಿಷನ್ ಕೊಡ್ತೇನೆ" ಎಂದರೆ, ತಪಾಸಣೆ ದಿನ ಸಿಕ್ಕಿಬೀಳುವುದು ಬಾಟ್ಲಿ ಇಟ್ಟುಕೊಂಡವರು. ಮಡಿಕೇರಿಗೆ ಹೋಗಿ ಬಂದವರು ಅಲ್ಲಿ ಹೋಮ್ ಮೇಡ್ ವೈನ್ ಬೋರ್ಡ್ ನೋಡಿದ್ದೇವೆ ಎನ್ನುತ್ತಾರೆ. ಅಲ್ಲಿ ಬೋರ್ಡ್ ಉಂಟು ಎಂಬುದು ಇಲ್ಲಿ ಲೈಸೆನ್ಸ್ ಆಗುವುದಿಲ್ಲ.

ಕೇರಳದ ವಿಡಿಯೋ ನೋಡಿ ಮಾಡುವವರೂ ಒಂದು ಮಾತು ತಿಳಿದಿರಬೇಕು. 2019ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ ಹತ್ತಿರ ಇರುವಾಗಲೇ, ಅಲ್ಲಿನ ಅಬಕಾರಿ ಇಲಾಖೆ ಮನೆ ವೈನ್ ಬಗ್ಗೆ ಎಚ್ಚರಿಕೆ ಕೊಟ್ಟು ದೊಡ್ಡ ಚರ್ಚೆ ಆಗಿತ್ತು. 2022ರಲ್ಲಿ ಕೇರಳ ಸರಕಾರ ಹಣ್ಣಿನಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆ ಪ್ರತ್ಯೇಕ ನಿಯಮ ತಂದಿತು. ಅದೂ ಲೈಸೆನ್ಸ್ ಪಡೆದ ಘಟಕಕ್ಕೆ, ಅಡುಗೆಮನೆಗೆ ಅಲ್ಲ. ನಮ್ಮಲ್ಲಿ 2007ರಲ್ಲಿ ಬಂದ ವೈನ್ ನೀತಿ ದ್ರಾಕ್ಷಿ ಬೆಳೆಗಾರರನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಗೇರುಹಣ್ಣು ಗುಡ್ಡೆಯಲ್ಲಿ ಕೊಳೆಯುವ ನಮ್ಮ ಜಿಲ್ಲೆಯವರಿಗೂ ಸುಲಭವಾಗಿ ಕೈಗೆ ಎಟಕುವ ದಾರಿ ಬೇಕು ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳಬೇಕು ಕೂಡ. ಆದರೆ ಅಲ್ಲಿಯವರೆಗೆ ಇರುವ ಕಾನೂನು ಇದು.

ಭರಣಿಯ ಒಳಗೆ ಎಂತ ಆಗುತ್ತದೆ?

ಈಸ್ಟ್ ಸಕ್ಕರೆ ತಿಂದು ಎರಡು ವಸ್ತು ಬಿಡುತ್ತದೆ, ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಗಾಳಿ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿ ಹುಳಿತರೆ ಶೇ. 1 ಆಲ್ಕೋಹಾಲ್. ವಿಡಿಯೋದವರು ಹೇಳುವ ಒಂದು ಕಿಲೋ ಸಕ್ಕರೆ ಮೂರು ಮೂರೂವರೆ ಲೀಟರಿಗೆ ಬಿದ್ದರೆ ಲೆಕ್ಕದಲ್ಲಿ ಶೇ. 15 ದಾಟುತ್ತದೆ. ಸಾಮಾನ್ಯ ಈಸ್ಟ್ 12ರಿಂದ 14ರ ಹೊತ್ತಿಗೆ ಸುಸ್ತಾಗುವುದರಿಂದ ಅಲ್ಲಿಗೆ ನಿಲ್ಲುತ್ತದೆ. ಉಳಿದ ಸಕ್ಕರೆ ಸಿಹಿಯಾಗಿ ನಾಲಗೆಗೆ ತಾಗುತ್ತದೆ. ಸಿಹಿ ಇದ್ದ ಕಾರಣ "ಇದು ಜ್ಯೂಸ್ ಹಾಗೆ, ಮಕ್ಕಳಿಗೂ ಒಂದು ಗುಟುಕು ಕೊಡಬಹುದು" ಎನ್ನುವುದುಂಟು. ಬಿಯರಿಗಿಂತ ಇಮ್ಮಡಿ ಖಡಕ್ ಇರಬಹುದಾದ ವಸ್ತು ಅದು. ಎರಡು ಗ್ಲಾಸ್ ಕುಡಿದು ಸ್ಕೂಟರ್ ಹತ್ತಿದರೆ, 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿ ದಾಟಿರಬಹುದು. ಪೊಲೀಸರ ಯಂತ್ರಕ್ಕೆ ಮನೆಯದ್ದು, ಅಂಗಡಿಯದ್ದು ಎಂಬ ಭೇದ ಇಲ್ಲ.

ಇನ್ನೊಂದು, ಗಾಳಿ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಈಸ್ಟಿನ ಕೆಲಸ ಓಡುವುದೇ. ಚಳಿ ಊರಿನಲ್ಲಿ ನಿಧಾನಕ್ಕೆ ಆಗುವುದು ಇಲ್ಲಿ ಎರಡು ಮೂರು ದಿನದಲ್ಲಿ ಬುರುಬುರು ಉಕ್ಕುತ್ತದೆ. ಮುಚ್ಚಳ ಬಿಗಿ ಮಾಡಿದ ಗಾಜಿನ ಬಾಟ್ಲಿಯಲ್ಲಿ ಅದಕ್ಕೆ ಹೋಗಲು ಜಾಗ ಇಲ್ಲ. ಒಡೆದರೆ ಗಾಜಿನ ಚೂರು ಅಡುಗೆಮನೆ ತುಂಬ. ಸಡಿಲ ಬಿಟ್ಟರೆ ಗಾಳಿಯ ಜೊತೆ ಬರುವ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡಿ ಇಡುತ್ತದೆ. "ನಮ್ಮದು ಯಾಕೋ ಹುಳಿ ಆಯ್ತು" ಎನ್ನುವವರಿಗೆ ಆದದ್ದು ಇದೇ.

ಪಾತ್ರೆಯ ವಿಷಯ ವೈನ್ ಮಾಡದವರಿಗೂ ಬೇಕು. ಹುಳಿ ರಸವನ್ನು ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂನಲ್ಲಿ ಇಡಬೇಡಿ, ಲೋಹ ಕರಗುತ್ತದೆ. ಅಜ್ಜಿ ಕಾಲದ ಭರಣಿಯ ಒಳಗಿನ ಹೊಳಪು ಬಿರುಕು ಬಿಟ್ಟಿದ್ದರೆ ಅದೂ ಬೇಡ. ಹಳೆಯ ಹೊಳಪಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಇನ್ನು ಹುಳಿತದ್ದನ್ನು ಕುಕ್ಕರಿಗೆ ಪೈಪ್ ಸಿಕ್ಕಿಸಿ ಬಟ್ಟಿ ಇಳಿಸುವ ಪ್ರಯೋಗ, ಅದಕ್ಕೆ ಕೈ ಹಾಕಲೇಬೇಡಿ. ಮೆಥನಾಲ್ ಸಾಂದ್ರವಾದರೆ ಹೋಗುವುದು ಕಣ್ಣು, ಆಮೇಲೆ ಜೀವ.

ಹಾಗಾದರೆ ಹಣ್ಣು ಎಂತ ಮಾಡುವುದು?

ಉತ್ತರ ನಮ್ಮ ಅಟ್ಟದಲ್ಲೇ ಇತ್ತು. ಸಕ್ಕರೆ ಸ್ವಲ್ಪ ಇದ್ದರೆ ಈಸ್ಟಿಗೆ ಊಟ, ತುಂಬ ಇದ್ದರೆ ಈಸ್ಟಿಗೇ ಉಸಿರು ಕಟ್ಟುತ್ತದೆ. ಪುನರ್ಪುಳಿ ಸಿರಪ್ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಬೀಜ ತೆಗೆದ ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು, ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ ಬಿಸಿಲಿಗೆ ಇಡುವುದು. ವಾರದಲ್ಲಿ ಸಿಪ್ಪೆಯ ರಸ ಇಳಿದು ಸಕ್ಕರೆ ಕರಗಿ ಕೆಂಪು ಪಾಕ ಆಗುತ್ತದೆ. ಸೋಸಿ, ಸ್ವಲ್ಪ ಉಪ್ಪು, ಜೀರಿಗೆ ಪುಡಿ. ನೂರಕ್ಕೆ 65 ಪಾಲಿನಷ್ಟು ಸಕ್ಕರೆ ಕರಗಿದ್ದರೆ ಹುಳಿಯುವ ಭಯ ಇಲ್ಲ. ಆಸೆಗೆ ಸಕ್ಕರೆ ಕಡಿಮೆ ಹಾಕಿದರೆ, ಇಲ್ಲವೇ ಒದ್ದೆ ಚಮಚ ಹಾಕಿದರೆ ಮೇಲೆ ನೊರೆ ಬರುತ್ತದೆ. ಅಂಗಡಿಯ ಕಪಾಟಿನಲ್ಲಿರುವ ಸಿರಪ್ ಬಾಟ್ಲಿ ಉಬ್ಬಿದ್ದರೆ, ತೆಗೆಯುವಾಗ ಸುಸ್ಸೆಂದು ಸದ್ದು ಬಂದರೆ ಒಳಗೆ ನಡೆಯುತ್ತಿರುವುದು ವೈನ್ ಕೆಲಸವೇ. ವಾಪಸ್ ಮಾಡಿ. ಮನೆಯಲ್ಲಿ ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣವರಿಗೆ ಅದು ದೊಡ್ಡ ಕೆಲಸವೂ ಅಲ್ಲ, ವೈನ್ ಲೈಸೆನ್ಸಿನ ಹಾಗಲ್ಲ.

ಗೇರುಹಣ್ಣಿಗೆ ಗಂಟಲು ಕೆರೆಯುವ ದೋಷ ಒಂದು ಉಂಟು, ಅದು ಟ್ಯಾನಿನ್. ಒಂದು ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿ ಹಾಗೆ ಬೇಯಿಸಿ, ತಣಿಸಿ, ರಸಕ್ಕೆ ಕಲಸಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೆರೆತವೆಲ್ಲ ಅಡಿಯಲ್ಲಿ ಕೂತಿರುತ್ತದೆ, ಮೇಲಿನ ತಿಳಿ ತೆಗೆದು ಶರಬತ್ತು ಮಾಡಬಹುದು. ಕಿತ್ತಳೆಯ ಹಲವು ಪಟ್ಟು ಸಿ ವಿಟಮಿನ್ ಇರುವ ಹಣ್ಣು ಅದು. ಬೆಳಿಗ್ಗೆಯೇ ಹೆಕ್ಕಬೇಕು. ಬಿಸಿಲು ಏರಿದ ಮೇಲೆ ಹೆಕ್ಕಿದ್ದು ಮರದಡಿಯಲ್ಲೇ ಹುಳಿಯಲು ಹೊರಟಿರುತ್ತದೆ. ಕಾಟುಮಾವಿಗೆ ಮಾಂಬಳ, ಹಲಸಿಗೆ ಹಪ್ಪಳ ಮತ್ತು ಉಪ್ಪಡ್ ಪಚ್ಚಿರ್ ಇವೆ. ಅದನ್ನು ಇಲ್ಲಿಯ ಅಮ್ಮಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕೆಳಗಿನ ಅರ್ಧ: ನೀರು

ಹಣ್ಣು ಕೇಳದೆ ಬರುತ್ತದೆ. ತರಕಾರಿ ಹಾಗಲ್ಲ. ಮಳೆಗಾಲದಲ್ಲಿ ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಊರು ನಮ್ಮದು, ಆದರೆ ಮುರಕಲ್ಲಿನ ನೆಲ ಅದನ್ನು ಹಿಡಿದಿಡುವುದಿಲ್ಲ. 2019ರ ಮೇಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಸೇರಿ ಉಡುಪಿ, ಮಣಿಪಾಲದ ಮನೆಗಳು ನಳ್ಳಿ ನೀರಿಗೆ ಸರದಿ ಕಾದದ್ದು ಯಾರಿಗೂ ಮರೆತಿಲ್ಲ.

ಲೆಕ್ಕ ಸರಳ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ಹತ್ತು ಅಡಿಗೆ ಹತ್ತು ಅಡಿ ಜಾಗ ಎಂದರೆ 45 ಲೀಟರ್, ಮೂರು ಬಾಲ್ದಿ. ಇದು ಇಬ್ಬರು ಮೂವರ ಸ್ನಾನದ ನೀರು. ಹಾಗಾಗಿಯೇ ಹಿಂದಿನವರು ಬಸಳೆ ಚಪ್ಪರವನ್ನು ಬಚ್ಚಲಿನ ಹಿಂದೆ ಹಾಕಿದ್ದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಬಾಲ್ದಿಗೆ ಬೀಳಲಿ. ಸೋಪಿನ ನೀರನ್ನು ದಿನಾ ಒಂದೇ ಗಿಡಕ್ಕೆ ಸುರಿಯಬೇಡಿ, ಜಾಗ ಬದಲಿಸಿ, ಸೊಪ್ಪಿಗೆ ಬೇಡ, ಬಾಳೆಗೆ, ತೆಂಗಿಗೆ ಬಿಡಿ. ಮಣಿಪಾಲದ ಫ್ಲ್ಯಾಟಿನವರಿಗೆ ಬಚ್ಚಲಿನ ನೀರು ಸಿಗುವುದಿಲ್ಲ, ಆದರೆ ಎಸಿ ಪೈಪಿನಿಂದ ರಾತ್ರಿ ಇಡೀ ತೊಟ್ಟಿಕ್ಕುವ ನೀರು ಹಿಡಿದರೆ ನಾಲ್ಕೈದು ಚಟ್ಟಿಗೆ ಸಾಕು. ಕರಾವಳಿಯ ತೇವಕ್ಕೆ ಅದು ಲೀಟರುಗಟ್ಟಲೆ ಬರುತ್ತದೆ.

ನೀರು ಹಾಕುವುದಕ್ಕಿಂತ ಹಾಕಿದ್ದನ್ನು ಉಳಿಸುವುದು ದೊಡ್ಡದು. ಬುಡಕ್ಕೆ ಮೂರು ನಾಲ್ಕು ಇಂಚು ತರಗೆಲೆ, ಮೇಲೆ ಅಡಿಕೆ ಸೋಗೆ ಇಲ್ಲವೇ ತೆಂಗಿನ ಸಿಪ್ಪೆ ಕವುಚಿ ಹಾಕಿ. ಸಿಪ್ಪೆಯ ನಾರು ನೀರು ಹಿಡಿದುಕೊಂಡು ನಿಧಾನಕ್ಕೆ ಬಿಡುತ್ತದೆ. ಎಳೆ ಸಸಿಗೆ ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಒಂದು ಮಡಲು ಸಾಕು. ಬೆಳಿಗ್ಗೆ ಎಂಟರ ಒಳಗೆ, ಇಲ್ಲದಿದ್ದರೆ ಸಂಜೆ, ಬುಡಕ್ಕೆ ಮಾತ್ರ. ಮಧ್ಯಾಹ್ನ ಪೈಪ್ ಹಿಡಿದು ಎಲೆ ಮೇಲೆ ಚಿಮುಕಿಸುವುದು ನೀರು ದಂಡ.

ಗಿಡದ ಆಯ್ಕೆಯೂ ಬಾವಿ ನೋಡಿ. ಹರಿವೆ 25-30 ದಿನಕ್ಕೆ ಕೈಗೆ ಬರುತ್ತದೆ, ಬೆಂಡೆ ಮತ್ತು ಅಲಸಂಡೆ ಒಂದೂವರೆ ತಿಂಗಳು. ಏಪ್ರಿಲ್ ಕೊನೆಗೆ ಬಾವಿ ಬತ್ತುವ ಮನೆಯಾದರೆ ಮಾರ್ಚ್‌ನಲ್ಲಿ ಹೊಸ ಬೆಂಡೆ ಸಾಲು ಬೇಡ, ಬಸಳೆ, ಹರಿವೆ ಸಾಕು. ಕಾಪು, ಪಡುಬಿದ್ರಿಯ ಕಡಲ ಹತ್ತಿರದ ಬಾವಿಗಳಲ್ಲಿ ಈ ಸಮಯಕ್ಕೆ ಉಪ್ಪು ಏರುತ್ತದೆ. ಎಲೆಯ ತುದಿ ಸುಟ್ಟ ಹಾಗೆ ಕಂಡರೆ ಅದು ರೋಗ ಅಲ್ಲ, ಮದ್ದು ಬಿಡಬೇಡಿ, ನೀರು ಬಾಯಿಗೆ ಹಾಕಿ ನೋಡಿ. ಬೀನ್ಸ್ ಮೊದಲು ಸೋಲುತ್ತದೆ. ಕಟಪಾಡಿ ಹತ್ತಿರದ ಮಟ್ಟು ಗುಳ್ಳದಂತಹ ಬೆಳೆ ಆ ಮಣ್ಣಿಗೇ ಒಗ್ಗಿಕೊಂಡು ಬಂದದ್ದು, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಆ ಕಾರಣಕ್ಕೆ. ಮಣ್ಣು, ಬೀಜದ ಸಂಶಯ ಇದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಕೊನೆಗೆ ಉಳಿಯುವುದು ಹಣ್ಣಿನ ಹಿಂಡಿ, ಸಿಪ್ಪೆ, ಮೊರಟು. ಗಿಡದ ಬುಡಕ್ಕೆ ಹಸಿಯಾಗಿ ಹಾಕಿದರೆ ಇರುವೆ, ನೊಣ, ಮೇಲೆ ಹುಳಿಯ ಬಿಸಿಗೆ ಬೇರು ಬಾಡುತ್ತದೆ. ಒಂದು ಬುಟ್ಟಿ ಹಿಂಡಿಗೆ ಮೂರು ಬುಟ್ಟಿ ತರಗೆಲೆ, ಒಂದು ಹಿಡಿ ಬೂದಿ, ಸ್ವಲ್ಪ ಹಟ್ಟಿಗೊಬ್ಬರ ಸೇರಿಸಿ ಮೂಲೆಯಲ್ಲಿ ರಾಶಿ ಹಾಕಿ, ವಾರಕ್ಕೊಮ್ಮೆ ಮಗುಚಿ. ಮೇಯಲ್ಲಿ ಹಾಕಿದ್ದು ಜುಲೈ ಹೊತ್ತಿಗೆ ಗೊಬ್ಬರ. ರಾಶಿಯ ಮೇಲೆ ಹಳೆ ಶೀಟ್ ಮುಚ್ಚಿಡಲು ಮರೆಯಬೇಡಿ, ಮೊದಲ ಜೋರು ಮಳೆಗೆ ಸತ್ವವೆಲ್ಲ ತೋಡಿಗೆ ಹೋಗುತ್ತದೆ.