ಬೇಸಿಗೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಡುವ ಮುನ್ನ

ಶ್ರೀರಂಗಪಟ್ಟಣ ಒಂದು ದ್ವೀಪ ಎಂದು ನಿಮಗೆ ಗೊತ್ತೆ? ದ್ವೀಪ ಅಂದರೆ ಸಮುದ್ರದಲ್ಲೇ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಕಾವೇರಿ ನದಿಯು ಊರಿನ ಪಶ್ಚಿಮಕ್ಕೆ ಎರಡು ಕವಲಾಗಿ, ಊರನ್ನು ಬಳಸಿಕೊಂಡು ಹರಿದು, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲವೇ ಶ್ರೀರಂಗಪಟ್ಟಣ. ಬಸ್ಸಿನಲ್ಲಿ ನಿದ್ದೆ ಮಾಡಿದರೆ ಸೇತುವೆ ದಾಟಿದ್ದೇ ತಿಳಿಯುವುದಿಲ್ಲ.

ಹೋದ ವರ್ಷ ಮೈಸೂರಿನಿಂದ ಬರುವಾಗ ನಾವು ಅಲ್ಲಿ ಇಳಿದೆವು. ಆಗ ಮಧ್ಯಾಹ್ನ ಎರಡು ಗಂಟೆ. ರಂಗನಾಥಸ್ವಾಮಿ ದೇವಸ್ಥಾನದ ಬಾಗಿಲು ಹಾಕಿತ್ತು. ಸಂಜೆಯವರೆಗೆ ಕಾಯಲು ಆಗಲಿಲ್ಲ. ಅಜ್ಜಿಗೆ ಮಂಡಿ ನೋವು, ಬಿಸಿಲು ಬೇರೆ. ಗೋಪುರಕ್ಕೆ ಹೊರಗಿನಿಂದಲೇ ಕೈಮುಗಿದು, "ಇನ್ನೊಂದ್ ಸಲ ಬರೋಕೆ ಆಗ್ತದೋ ಇಲ್ವೋ" ಅಂದರು. ಅದಕ್ಕೇ ಈ ಸಲದ ಪ್ರವಾಸದ ಯೋಜನೆ ನಾನೇ ಮಾಡುತ್ತೇನೆ ಎಂದು ಹೇಳಿದೆ. ಅಪ್ಪ ಆಟೋ ಓಡಿಸುತ್ತಾರೆ. ಗಾಡಿ ನಿಲ್ಲಿಸಿದರೆ ಅವತ್ತು ಸಂಪಾದನೆ ಇಲ್ಲ. "ಲೆಕ್ಕ ಸರಿಯಾಗಿ ತೋರ್ಸು, ಹೋಗೋಣ" ಅಂದರು.

ಲೆಕ್ಕ ಹೀಗಿದೆ. ನಮ್ಮ ಅತ್ತಿಗುಪ್ಪೆಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಹಾಗಾಗಿ ಅಜ್ಜಿ, ಅಮ್ಮ, ನಾನು ಪುಕ್ಕಟೆ. ಅಪ್ಪನಿಗೆ ಪೂರ್ತಿ, ತಮ್ಮನಿಗೆ ಅರ್ಧ ಟಿಕೆಟ್. ಆಧಾರ್ ಕಾರ್ಡ್ ಮರೆಯಬಾರದು. ಇನ್ನೊಂದು ವಿಷಯ, ಹತ್ತುವ ಮೊದಲೇ ಕಂಡಕ್ಟರನ್ನು "ಶ್ರೀರಂಗಪಟ್ಟಣದ ಒಳಗೆ ಹೋಗತ್ತಾ?" ಅಂತ ಕೇಳಬೇಕು. ಹೊಸ ಹೆದ್ದಾರಿ ಊರುಗಳ ಹೊರಗಿನಿಂದಲೇ ಹೋಗುತ್ತದೆ.

ಮೊದಲನೇ ದಿನ ಸಂಜೆ ಮಂಡ್ಯದ ದೊಡ್ಡಮ್ಮನ ಮನೆ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಹೊರಟರೆ ಬಿಸಿಲೇರುವ ಮುಂಚೆ ದೇವಸ್ಥಾನ ಮುಗಿಯುತ್ತದೆ. ಶ್ರೀರಂಗಪಟ್ಟಣಕ್ಕೆ ಆದಿರಂಗ, ಶಿವನಸಮುದ್ರಕ್ಕೆ ಮಧ್ಯರಂಗ, ತಮಿಳುನಾಡಿನ ಶ್ರೀರಂಗಕ್ಕೆ ಅಂತ್ಯರಂಗ ಎನ್ನುತ್ತಾರೆ. ಮೂರೂ ಕಾವೇರಿಯ ದ್ವೀಪಗಳೇ.

"ಬೇಸಿಗೇಲಿ ಯಾಕೆ, ಮಳೆಗಾಲದಲ್ಲಿ ಹೊಳೆ ಚೆನ್ನಾಗಿರತ್ತೆ" ಎಂದಳು ಅಮ್ಮ. ಇದಕ್ಕೆ ಉತ್ತರ ಹುಡುಕುವಾಗಲೇ ನನಗೆ ಒಳ್ಳೆಯ ವಿಷಯ ಸಿಕ್ಕಿತು. ರಾಜ ಒಡೆಯರು 1610ರಲ್ಲಿ ಈ ಊರನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಸುತ್ತ ಹೊಳೆ ಇದ್ದುದರಿಂದ ಕೋಟೆಗೆ ದೇವರೇ ಕಂದಕ ತೋಡಿಕೊಟ್ಟ ಹಾಗಿತ್ತು. ಕೊಡಗಿನಲ್ಲಿ ಮುಂಗಾರು ಹಿಡಿದರೆ ಕಾವೇರಿ ತುಂಬುತ್ತದೆ, ಆಮೇಲೆ ಯಾವ ಸೈನ್ಯವೂ ದಾಟಲಾರದು. ಆದ್ದರಿಂದ ಬ್ರಿಟಿಷರಿಗೆ ಮಳೆಗೆ ಮುಂಚೆಯೇ ಯುದ್ಧ ಮುಗಿಯಬೇಕಿತ್ತು. 1799ರ ಏಪ್ರಿಲ್‌ನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಬಂದು ಮುತ್ತಿಗೆ ಹಾಕಿತು. ಫಿರಂಗಿಗಳಿಂದ ಗೋಡೆಯ ವಾಯವ್ಯ ಮೂಲೆಯನ್ನು ಒಡೆದರು. ಮೇ 4ರ ಮಧ್ಯಾಹ್ನ, ನಮಗೆ ರಜೆ ಇರುವ ಈ ಸುಡುಬಿಸಿಲಿನಲ್ಲೇ, ಸೈನಿಕರು ಬತ್ತಿದ ಹೊಳೆಗೆ ಇಳಿದು ನಡೆದೇ ದಾಟಿದರು. ಅವರ ಮುಂದಾಳು ಡೇವಿಡ್ ಬೇರ್ಡ್ ಹಿಂದೆ ಇದೇ ಊರಿನಲ್ಲಿ ಸೆರೆಯಾಳಾಗಿದ್ದವನು. ಅಂದೇ ಟಿಪ್ಪು ಸುಲ್ತಾನ್ ಹೋರಾಡುತ್ತಾ ಮಡಿದ. ನಮ್ಮ ಪಾಠದಲ್ಲಿ ಇಸವಿ ಬರುತ್ತದೆ, ತಿಂಗಳು ಬರುವುದಿಲ್ಲ. ತಿಂಗಳು ತಿಳಿದ ಮೇಲೇ ಕೋಟೆ ಹೇಗೆ ಬಿತ್ತು ಎಂದು ನನಗೆ ಅರ್ಥವಾದದ್ದು. ಅವರು ದಾಟಿದ ಹೊಳೆಯನ್ನು ಅದೇ ತಿಂಗಳಲ್ಲಿ ನೋಡಬೇಕು ಎಂದು ಆಸೆ. ಆದರೆ ಆಗ ಮೇಲುಗಡೆ ಕನ್ನಂಬಾಡಿ ಕಟ್ಟೆ ಇರಲಿಲ್ಲ, ಈಗ ಇದೆ. ಅಷ್ಟು ವ್ಯತ್ಯಾಸ.

ತಮ್ಮನಿಗೆ ತೋರಿಸಬೇಕಾದ್ದು ರೈಲು ನಿಲ್ದಾಣದ ಹತ್ತಿರದ ಮದ್ದಿನ ಮನೆ. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು! ಅವನು ಇನ್ನೂ ನಂಬಿಲ್ಲ.

ಆಮೇಲೆ ಒಂದು ಆಟೋ ಮಾಡಿಕೊಂಡು ದರಿಯಾ ದೌಲತ್, ಗುಂಬಜ್. (ಅಪ್ಪ ಹಿಂದಿನ ಸೀಟಿನಲ್ಲಿ ಕೂರುವುದನ್ನು ನೋಡಬೇಕು.) ದರಿಯಾ ದೌಲತ್ 1784ರಲ್ಲಿ ಕಟ್ಟಿದ ಬೇಸಿಗೆ ಅರಮನೆ, ಗೋಡೆ ತುಂಬ ಯುದ್ಧದ ಚಿತ್ರಗಳು. ಗುಂಬಜ್‌ನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸಮಾಧಿಗಳಿವೆ. ಎರಡರಲ್ಲೂ ತೋಟದ ನೆರಳಿದೆ, ಅಜ್ಜಿ ಕೂತಿರಬಹುದು. ದಾರಿಯಲ್ಲಿ ಗಂಜಾಂ ಸಿಗುತ್ತದೆ. ಅಲ್ಲಿಯ ಅಂಜೂರ ಹೆಸರುವಾಸಿ. ಅಂಜೂರವೂ ನಮ್ಮ ಊರ ಹೆಸರಿನ ಅತ್ತಿಯೂ ಒಂದೇ ಕುಲದ ಮರಗಳು, ನೆಂಟರು ಎನ್ನಬಹುದು.

ಕೊನೆಗೆ ಸಂಗಮ. ಅಲ್ಲಿ ಕಾಲು ತೊಳೆದು ಬರುವುದಷ್ಟೆ, ಈಜುವಂತಿಲ್ಲ ಎಂದು ನಾನು ಮೊದಲೇ ಬರೆದಿಟ್ಟಿದ್ದೇನೆ. ನೀರು ಕಡಿಮೆ ಕಂಡರೂ ತಳದಲ್ಲಿ ಗುಂಡಿಗಳಿರುತ್ತವೆ. ಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಈ ಕಡೆಯ ಕಾವೇರಿಯಲ್ಲಿ ಮೊಸಳೆಗಳೂ ಇವೆ.

ಲೆಕ್ಕ ನೋಡಿ ಅಪ್ಪ ಎರಡು ದಿನ ಗಾಡಿ ನಿಲ್ಲಿಸಲು ಒಪ್ಪಿದ್ದಾರೆ. ಮೇ ಮೊದಲನೇ ವಾರ ಹೊರಡುವುದು. ಅಜ್ಜಿ ಈಗಲೇ ಸೀರೆ ತೆಗೆದಿಟ್ಟಿದ್ದಾರೆ. ತಮ್ಮ ಮಾತ್ರ ಈಜುವ ವಿಷಯಕ್ಕೆ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.

— ಏಳನೇ ತರಗತಿ ವಿದ್ಯಾರ್ಥಿನಿ