ಉದ್ಯಮವನ್ನು ಕಲಿಸಲು ಬರುತ್ತದೆಯೆ?

ರಾತ್ರಿ ಊಟಕ್ಕೆ ಕುಳಿತಾಗ, ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವ ನಿಮ್ಮ ಮಗಳು, "ಅಪ್ಪ, ಈ ಸಲ ಒಂದು ವಿಷಯಕ್ಕೆ ಬರೆಯುವ ಪರೀಕ್ಷೆಯೇ ಇಲ್ಲ. ನಾಲ್ಕು ಜನ ಸೇರಿ ಒಂದು ಉದ್ಯಮ ಕಟ್ಟಿ ತೋರಿಸಬೇಕಂತೆ" ಎಂದು ಹೇಳುತ್ತಾಳೆ ಎನ್ನಿ. ಆಗ ನಿಮ್ಮ ಮನೆಯಲ್ಲಿ ಏನು ನಡೆದೀತು? "ಓದಲು ಕಳಿಸಿದರೆ ಅಂಗಡಿ ಇಡುವುದನ್ನು ಹೇಳಿಕೊಡುತ್ತಾರೆಯೆ?" ಎಂದು ಅಜ್ಜನವರು ಹುಬ್ಬೇರಿಸಬಹುದು. "ಇದಕ್ಕೆ ನಾವೆಷ್ಟು ದುಡ್ಡು ಕೊಡಬೇಕು?" ಎಂದು ತಾಯಿ ಕೇಳಬಹುದು. ತಂದೆಯವರು ಏನೂ ಹೇಳದೆ ಸಾರು ಕಲಸುತ್ತ, "ಇದರಿಂದ ಮುಂದೆ ಕೆಲಸ ಸಿಕ್ಕೀತೆ?" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹುಡುಕುವ ಮೊದಲು ಇಂಥ ತರಗತಿಯಲ್ಲಿ ನಡೆಯುವುದೇನು ಎಂಬುದನ್ನು ತಿಳಿದುಕೊಳ್ಳೋಣ.

ನಮ್ಮ ಹಿರಿಯರ ಕಾಲದಲ್ಲಿ ವ್ಯಾಪಾರವನ್ನು ಮಂಡಿಯಲ್ಲಿ ಕುಳಿತು ಕಲಿಯುತ್ತಿದ್ದರು. ಹುಡುಗ ಮೊದಲು ಕಸ ಗುಡಿಸಬೇಕು, ಆಮೇಲೆ ತೂಕ ಹಾಕಬೇಕು, ಆಮೇಲೆ ಖಾತೆ ಬರೆಯಬೇಕು. ಗಿರಾಕಿಯ ಮುಖ ನೋಡಿ ಮಾತನಾಡುವುದನ್ನು ಕಲಿತ ಮೇಲೆಯೇ ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತುಕೊಳ್ಳಬೇಕು. ಕಾಲೇಜುಗಳು ಬಂದ ಮೇಲೆ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ವಾಣಿಜ್ಯ ಕಾನೂನು ಎಲ್ಲವೂ ಪುಸ್ತಕಕ್ಕೆ ಬಂದವು. ಅದರಿಂದ ಬಹಳ ಲಾಭವಾಯಿತು. ಆದರೆ ಗಿರಾಕಿಯ ಮುಖ ಮಾತ್ರ ಪುಸ್ತಕದೊಳಕ್ಕೆ ಬರಲಿಲ್ಲ. ಆ ಮುಖವನ್ನು ಮತ್ತೆ ವಿದ್ಯಾರ್ಥಿಯ ಎದುರಿಗೆ ತರುವ ಪ್ರಯತ್ನವೇ ನಾನು ಹೇಳಲಿರುವ ಹೊಸ ಬಗೆಯ ಪಾಠ.

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಜೇಮ್ಸ್ ಪಟೆಲ್ ಎಂಬ ಪ್ರಾಧ್ಯಾಪಕರು ತಮ್ಮ ಸಹೋದ್ಯೋಗಿಗಳೊಡನೆ ಒಂದು ತರಗತಿಯನ್ನು ಆರಂಭಿಸಿದರು. ಅತ್ಯಂತ ಬಡವರ ಕೈಗೂ ಎಟುಕುವ ಬೆಲೆಯಲ್ಲಿ ಉಪಯುಕ್ತ ವಸ್ತುಗಳನ್ನು ರೂಪಿಸಿ, ಅವುಗಳ ಸುತ್ತ ಉದ್ಯಮವನ್ನು ಕಟ್ಟುವುದು ಹೇಗೆ ಎಂಬುದೇ ಅದರ ವಿಷಯ. ಅದರ ಕ್ರಮ ಹೀಗಿದೆ: ಬೇರೆ ಬೇರೆ ಶಾಖೆಗಳಲ್ಲಿ ಓದುವ ನಾಲ್ಕೈದು ವಿದ್ಯಾರ್ಥಿಗಳನ್ನು ಒಂದು ತಂಡ ಮಾಡುತ್ತಾರೆ. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ಲೆಕ್ಕ ಗೊತ್ತು, ಮತ್ತೊಬ್ಬರಿಗೆ ಗಣಕ ಗೊತ್ತು. ಬಡ ದೇಶವೊಂದರಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಯೊಂದು ಅವರಿಗೆ ನಿಜವಾದ ಒಂದು ಸಮಸ್ಯೆಯನ್ನು ಕೊಡುತ್ತದೆ. ತಂಡದವರು ಸ್ಥಳಕ್ಕೆ ಹೋಗಿ ನೋಡಬೇಕು, ಜನರನ್ನು ಕೇಳಬೇಕು, ಹಿಂದಿರುಗಿ ಬಂದು ಕೈಯಾರೆ ಮಾದರಿಗಳನ್ನು ಮಾಡಬೇಕು. ಅದನ್ನು ಮಾಡಲು ಎಷ್ಟು ಖರ್ಚು, ಮಾರುವವರು ಯಾರು, ಕೊಳ್ಳುವವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂಬುದಕ್ಕೂ ಉತ್ತರ ಕೊಡಬೇಕು.

2007ನೆಯ ಇಸವಿಯಲ್ಲಿ ಈ ತರಗತಿಯ ಒಂದು ತಂಡಕ್ಕೆ ಸಿಕ್ಕ ಸಮಸ್ಯೆಯನ್ನು ಕೇಳಿ. ದಿನ ತುಂಬದೆ ಹುಟ್ಟಿದ ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ. ತನ್ನ ಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನಮಗೆ ಹಿತವೆನಿಸುವ ಕೋಣೆ ಅದಕ್ಕೆ ಕೊರೆಯುವ ಚಳಿ. ಆಸ್ಪತ್ರೆಗಳಲ್ಲಿ ಇಂಥ ಕೂಸನ್ನು ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಆಗ ಅದರ ಬೆಲೆ ಸುಮಾರು 20,000 ಡಾಲರು. ಜೊತೆಗೆ ಎಡೆಬಿಡದ ವಿದ್ಯುಚ್ಛಕ್ತಿಯೂ, ಅದನ್ನು ನಡೆಸಬಲ್ಲ ದಾದಿಯರೂ ಬೇಕು. ನೂರರಲ್ಲಿ ಒಂದು ಪಾಲು ಬೆಲೆಗೆ ಆ ಕೆಲಸ ಮಾಡುವ ಸಾಧನವನ್ನು ರೂಪಿಸಿ ಎಂಬುದೇ ತಂಡಕ್ಕೆ ಕೊಟ್ಟ ಲೆಕ್ಕ. ಇದು ಸಣ್ಣ ಲೆಕ್ಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ದಿನ ತುಂಬುವ ಮೊದಲೇ ಹುಟ್ಟಿದುವು.

ಪೆಟ್ಟಿಗೆಯನ್ನು ಬಿಚ್ಚಿ, ಬೇಡದ ಭಾಗಗಳನ್ನು ತೆಗೆದು, ಅಗ್ಗವಾಗಿ ಮಾಡಿದರೆ ಮುಗಿಯಿತಲ್ಲ ಎಂದು ನಮಗೂ ತೋಚುತ್ತದೆ. ಆದರೆ ತಂಡದ ಲೈನಸ್ ಲಿಯಾಂಗ್ ಎಂಬ ಗಣಕ ವಿಜ್ಞಾನದ ವಿದ್ಯಾರ್ಥಿ ನೇಪಾಳಕ್ಕೆ ಹೋಗಿ ಕಠ್ಮಂಡುವಿನ ಆಸ್ಪತ್ರೆಯೊಂದನ್ನು ನೋಡಿದಾಗ ಆಶ್ಚರ್ಯ ಕಾದಿತ್ತು. ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಖಾಲಿಯಾಗಿ ನಿಂತಿದ್ದವು. ಕಾರಣ ಕೇಳಿದರೆ ವೈದ್ಯರು ವಿವರಿಸಿದರು: ಇವುಗಳ ಅವಶ್ಯಕತೆಯಿರುವ ಕೂಸುಗಳು ಹುಟ್ಟುವುದು ದೂರದ ಹಳ್ಳಿಗಳಲ್ಲಿ, ಅವು ಆಸ್ಪತ್ರೆಯ ಬಾಗಿಲಿನವರೆಗೆ ಬಂದು ಮುಟ್ಟುವುದೇ ಇಲ್ಲ. ಪೆಟ್ಟಿಗೆಯ ಬೆಲೆ ಇಳಿಸಿದರೆ ಆಸ್ಪತ್ರೆಯಲ್ಲಿ ಖಾಲಿ ಪೆಟ್ಟಿಗೆಗಳು ಹೆಚ್ಚಾಗುತ್ತಿದ್ದವು, ಅಷ್ಟೆ!

ಗಮನಿಸಿ, ಇಲ್ಲಿ ಪ್ರಶ್ನೆಯೇ ಬದಲಾಯಿತು. ಅಗ್ಗದ ಪೆಟ್ಟಿಗೆ ಮಾಡುವುದು ಹೇಗೆ ಎಂಬುದು ಹೋಗಿ, ಹಳ್ಳಿಯ ತಾಯಿಯ ಕೈಯಲ್ಲಿ ಕೂಸನ್ನು ಬೆಚ್ಚಗಿಡುವುದು ಹೇಗೆ ಎಂಬುದು ಬಂತು. ಪುಸ್ತಕದ ಲೆಕ್ಕದಲ್ಲಿ ಪ್ರಶ್ನೆ ಯಾವಾಗಲೂ ಸರಿಯಾಗಿಯೇ ಇರುತ್ತದೆ, ಉತ್ತರ ಮಾತ್ರ ತಪ್ಪಾಗಬಹುದು. ಬದುಕಿನಲ್ಲಿ ಹಾಗಲ್ಲ, ಅಲ್ಲಿ ಪ್ರಶ್ನೆಯೇ ತಪ್ಪಾಗಿರಬಹುದು. ಈ ತರಗತಿ ಕಲಿಸಿದ ಮೊದಲನೆಯ ಪಾಠ ಇದು.

ತಂಡದವರು ಕೊನೆಗೆ ಮಾಡಿದ್ದು ಪೆಟ್ಟಿಗೆಯನ್ನಲ್ಲ, ಕೂಸನ್ನು ಸುತ್ತಿ ಮಲಗಿಸುವ ಒಂದು ಪುಟ್ಟ ಚೀಲವನ್ನು. ಅದರ ಬೆನ್ನಿನ ಕಡೆ ಮೇಣದಂಥ ಪದಾರ್ಥ ತುಂಬಿದ ಇನ್ನೊಂದು ಸಣ್ಣ ಚೀಲ. ಇದರ ಗುಟ್ಟು ನಿಮ್ಮ ಮನೆಯಲ್ಲಿಯೇ ಇದೆ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ನೋಡಿದ್ದೀರಿ. ಬಿಸಿಲಿಗಿಟ್ಟರೆ ಮತ್ತೆ ಕರಗುತ್ತದೆ. ಕರಗುವಾಗ ಅದು ಶಾಖವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಅದೇ ಶಾಖವನ್ನು ಮೆಲ್ಲಮೆಲ್ಲನೆ ಹೊರಕ್ಕೆ ಬಿಡುತ್ತದೆ. ಪೂರ್ತಿ ಹೆಪ್ಪುಗಟ್ಟುವ ತನಕ ಅದರ ಉಷ್ಣತೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಗೆ ಈ ಮಟ್ಟ ಸುಮಾರು 24 ಡಿಗ್ರಿ ಸೆಂಟಿಗ್ರೇಡು. ತಂಡದವರು ಆರಿಸಿಕೊಂಡ ಪದಾರ್ಥಕ್ಕೆ ಅದು 37 ಡಿಗ್ರಿ, ಅಂದರೆ ಮನುಷ್ಯನ ಮೈಯ ಕಾವು. ಸ್ವಲ್ಪ ಹೊತ್ತು ಕಾಯಿಸಿ ಕರಗಿಸಿಟ್ಟರೆ ಮುಂದೆ ನಾಲ್ಕರಿಂದ ಆರು ಗಂಟೆಯ ಕಾಲ ವಿದ್ಯುತ್ತಿನ ನೆರವಿಲ್ಲದೆ ಕೂಸು ಬೆಚ್ಚಗಿರುತ್ತದೆ. ಚೀಲವನ್ನು ಶುಚಿಮಾಡಿ ಮತ್ತೆ ಮತ್ತೆ ಬಳಸಬಹುದು. ತಾಯಿಯ ಎದೆಗೆ ಚರ್ಮ ತಾಗುವಂತೆ ಕೂಸನ್ನು ಅಪ್ಪಿಸಿಡುವುದನ್ನು ವೈದ್ಯರು ಇಂದಿಗೂ ಮೊದಲನೆಯ ಉಪಾಯವೆನ್ನುತ್ತಾರೆ. ತಾಯಿಗೆ ಅದು ಸಾಧ್ಯವಾಗದಾಗ, ಕೂಸನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಚೀಲದ ನೆರವು.

ಇನ್ನು ಎರಡನೆಯ ಪಾಠ. ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಎಂಬ ನಾಲ್ವರು ತರಗತಿ ಮುಗಿದ ಮೇಲೂ ಈ ಕೆಲಸವನ್ನು ಬಿಡಲಿಲ್ಲ. ‘ಎಂಬ್ರೇಸ್’, ಅಂದರೆ ‘ಅಪ್ಪುಗೆ’, ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ರಾಹುಲ್ ಪಣಿಕ್ಕರ್ ಅವರು ಮಾದರಿಯೊಂದನ್ನು ಮಹಾರಾಷ್ಟ್ರದಲ್ಲಿ ತೋರಿಸುತ್ತಿದ್ದರು. ಅದರಲ್ಲಿ ಉಷ್ಣತೆಯನ್ನು ಅಂಕಿಗಳಲ್ಲಿ ತೋರಿಸುವ ಪಟ್ಟಿ ಇತ್ತು. 37 ಡಿಗ್ರಿಗೆ ಕಾಯಿಸಬೇಕು ಎಂದು ವಿವರಿಸಿದಾಗ ಒಬ್ಬ ತಾಯಿ ತನ್ನ ಮನಸ್ಸಿನ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದಳು: ಇಂಗ್ಲಿಷ್ ಔಷಧಿ ಬಹಳ ಖಾರ, ವೈದ್ಯರು ಒಂದು ಚಮಚ ಎಂದರೆ ನಾವು ಮಗುವಿಗೆ ಅರ್ಧ ಚಮಚ ಕೊಡುತ್ತೇವೆ, ಇದನ್ನೂ 37ರವರೆಗೆ ಕಾಯಿಸದೆ 30ಕ್ಕೇ ನಿಲ್ಲಿಸಿಬಿಡುತ್ತೇವೆ. ಇದನ್ನು ಓದಿ ನಗಬೇಡಿ; ನಮ್ಮ ನಿಮ್ಮ ಮನೆಗಳಲ್ಲಿಯೂ ಅಜ್ಜಿಯಂದಿರು ಔಷಧಿಯ ಅಳತೆಯನ್ನು ಹೀಗೆಯೇ ಅರ್ಧ ಮಾಡಿದ್ದುಂಟು. ತಾಯಿಗೆ ಕೂಸಿನ ಮೇಲಿದ್ದ ಕಾಳಜಿಯೇ ಕೂಸಿಗೆ ಅಪಾಯವಾಗುತ್ತಿತ್ತು.

ತಂಡದವರು ಆ ತಾಯಿಗೆ ಉಪನ್ಯಾಸ ಮಾಡಲು ಹೋಗಲಿಲ್ಲ. ಅಂಕಿಗಳನ್ನೇ ತೆಗೆದುಹಾಕಿ, ಸರಿಯಾಗಿದೆ, ಸರಿಯಾಗಿಲ್ಲ ಎಂಬ ಎರಡೇ ಗುರುತುಗಳನ್ನು ಇಟ್ಟರು. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಕುಳಿತಿದ್ದರೂ ಈ ತಿದ್ದುಪಡಿ ಹೊಳೆಯುತ್ತಿರಲಿಲ್ಲ. ತಾನು ಮಾಡಿದ್ದನ್ನು ಬಳಸುವವರ ಮುಂದಿಟ್ಟು, ಅವರು ತಿದ್ದಿದರೆ ಮುನಿಸಿಲ್ಲದೆ ಒಪ್ಪಿಕೊಳ್ಳುವುದು ಬುದ್ಧಿವಂತ ವಿದ್ಯಾರ್ಥಿಗೆ ಅಷ್ಟು ಸುಲಭವಲ್ಲ. ಚಿಕ್ಕಂದಿನಿಂದ ಅವನು ಸರಿಯುತ್ತರಕ್ಕೆ ಅಂಕ ಪಡೆಯುತ್ತ ಬಂದವನು. ತಂಡದಲ್ಲಿ ಕೆಲಸ ಮಾಡುವುದರ ಉಪಯೋಗ ಇಲ್ಲಿಯೇ. ಒಬ್ಬನಿಗೆ ತನ್ನ ಕೈಕೆಲಸದ ಮೇಲಿರುವ ಮೋಹ ಇನ್ನೊಬ್ಬನಿಗೆ ಇರುವುದಿಲ್ಲ. ಯಂತ್ರ ಬಲ್ಲವನು ಕಾಣದ್ದನ್ನು ಲೆಕ್ಕ ಬಲ್ಲವಳು ಕಾಣುತ್ತಾಳೆ.

2009ರಲ್ಲಿ ಸಂಸ್ಥೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿತು. ಬಳಸುವವರು ಇಲ್ಲಿರುವಾಗ ತಾವು ಕ್ಯಾಲಿಫೋರ್ನಿಯದಲ್ಲಿ ಕುಳಿತಿದ್ದರೆ ಆಗದು ಎಂಬುದು ಅವರ ವಿಚಾರ. ಪರೀಕ್ಷೆಗಳು, ತಿದ್ದುಪಡಿಗಳು ಎಲ್ಲ ಮುಗಿದು ಚೀಲ ಭಾರತದಲ್ಲಿ ಬಳಕೆಗೆ ಬರುವ ಹೊತ್ತಿಗೆ 2011 ಆಗಿತ್ತು. ತರಗತಿ ನಡೆದದ್ದು ಕೆಲವು ತಿಂಗಳು. ಅದರ ಫಲ ಕೂಸಿನ ಬಳಿಗೆ ಬರಲು ನಾಲ್ಕು ವರ್ಷ. ಈ ಅಳತೆಯನ್ನು ಮನೆಯವರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯ ಪಾಠ ಎಲ್ಲಕ್ಕಿಂತ ಕಠಿಣವಾದದ್ದು, ಅದು ಹಣದ್ದು. ಚೀಲವನ್ನು ಬಳಸುವವಳು ಬಡ ತಾಯಿ. ಆದರೆ ಕೊಳ್ಳಬೇಕಾದವರು ಆಸ್ಪತ್ರೆಗಳು, ಸರ್ಕಾರಗಳು, ದಾನಸಂಸ್ಥೆಗಳು. ಬಳಸುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು ಆದಾಗ ವ್ಯಾಪಾರದ ಬಂಡಿ ಮೆಲ್ಲಗೆ ಸಾಗುತ್ತದೆ. 2012ರಲ್ಲಿ ಸಂಸ್ಥೆಯನ್ನು ಎರಡಾಗಿ ಮಾಡಿದರು: ಚೀಲ ತಯಾರಿಸಿ ಮಾರಲು ಒಂದು ಕಂಪೆನಿ, ಬಡವರಿಗೆ ತಲುಪಿಸಲು ಒಂದು ಧರ್ಮಸಂಸ್ಥೆ. ಆಮೇಲೆ ಕಂಪೆನಿಗೆ ಹಣದ ಮುಗ್ಗಟ್ಟು ಬಂದು, ಮುಚ್ಚಿಯೇ ಹೋಗುವ ಸ್ಥಿತಿ ಒದಗಿತ್ತೆಂಬುದನ್ನು ಜೇನ್ ಚೆನ್ ಅವರೇ ಬಹಿರಂಗವಾಗಿ ಹೇಳಿದ್ದಾರೆ. 2015ರಲ್ಲಿ ಅಮೆರಿಕದ ಮನೆಗಳಿಗೆಂದೇ ಬೇರೊಂದು ಬಗೆಯ ಶಿಶುವಸ್ತ್ರವನ್ನು ಹೊರತಂದು, ಅಲ್ಲಿ ಒಂದು ಮಾರಾಟವಾದರೆ ಇಲ್ಲಿ ಒಂದು ಕೂಸಿಗೆ ನೆರವು ಎಂಬ ಏರ್ಪಾಡನ್ನೂ ಪ್ರಯತ್ನಿಸಿದರು. ಇಂದು ಹಲವು ಲಕ್ಷ ಶಿಶುಗಳಿಗೆ ಚೀಲ ತಲುಪಿದೆಯೆಂದು ಸಂಸ್ಥೆಯ ಲೆಕ್ಕ. ಗೆದ್ದವರ ಕಥೆಯೆಂದು ಇದನ್ನು ಹೇಳುವುದು ಸುಲಭ. ನಡುವೆ ಎಷ್ಟು ಬಾರಿ ಸೋಲಿನ ಅಂಚಿಗೆ ಬಂದಿದ್ದರು ಎಂಬುದನ್ನೂ ಸೇರಿಸಿ ಹೇಳಿದರೆ ಮಾತ್ರ ಅದು ಪಾಠವಾಗುತ್ತದೆ.

ಸುಸ್ಥಿರ ಉದ್ಯಮ ಎಂಬ ಮಾತನ್ನು ಈಗ ಎಲ್ಲೆಲ್ಲೂ ಕೇಳುತ್ತೀರಿ. ಸರಳವಾಗಿ ಹೇಳುವುದಾದರೆ ಬಾಳಿಕೆ ಬರುವ ಉದ್ಯಮ. ಬಾಳಿಕೆಗೆ ಮೂರು ಮುಖ. ಅದು ಜನರಿಗೆ ಉಪಕಾರವಾಗಬೇಕು. ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ನೆಲ, ನೀರು, ಗಾಳಿಗಳನ್ನು ಮುಂದಿನವರಿಗೆ ಕೆಡಿಸದೆ ಉಳಿಸಬೇಕು. ಅದೇ ತರಗತಿಯಿಂದ ಹೊರಟ ಇನ್ನೊಂದು ಉದ್ಯಮದಲ್ಲಿ ಈ ಮೂರನೆಯ ಮುಖ ಚೆನ್ನಾಗಿ ಕಾಣುತ್ತದೆ. ಸ್ಯಾಮ್ ಗೋಲ್ಡ್‌ಮನ್ ಎಂಬುವರು ಆಫ್ರಿಕದ ಬೆನಿನ್ ದೇಶದ ಹಳ್ಳಿಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ನೆರೆಮನೆಯ ಹುಡುಗ ಸೀಮೆಎಣ್ಣೆ ದೀಪದಿಂದ ತೀವ್ರವಾಗಿ ಸುಟ್ಟುಕೊಂಡದ್ದನ್ನು ಕಂಡಿದ್ದರು. ಆಮೇಲೆ ಸ್ಟ್ಯಾನ್‌ಫರ್ಡಿಗೆ ಓದಲು ಬಂದು, ಸಹಪಾಠಿ ನೆಡ್ ಟೋಜನ್ ಅವರೊಡನೆ 2007ರಲ್ಲಿ ಬಿಸಿಲಿನಿಂದ ಉರಿಯುವ ಅಗ್ಗದ ದೀಪಗಳ ‘ಡಿ.ಲೈಟ್’ ಕಂಪೆನಿಯನ್ನು ಕಟ್ಟಿದರು. ಹೊಗೆ ಹೋಯಿತು, ಬೆಂಕಿಯ ಭಯ ಹೋಯಿತು, ದಿನದಿನವೂ ಎಣ್ಣೆಗೆ ಸುರಿಯುವ ಕಾಸು ಉಳಿಯಿತು. ಆದರೆ ದೀಪದೊಳಗಿನ ಬ್ಯಾಟರಿ ಸತ್ತ ಮೇಲೆ ಅದು ಎಲ್ಲಿಗೆ ಹೋಗಬೇಕು? ಬಾಳಿಕೆಯ ಪಾಠ ಓದುವ ವಿದ್ಯಾರ್ಥಿ ಈ ಪ್ರಶ್ನೆಯನ್ನೂ ಕೇಳಬೇಕು.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನದವರು ‘ಲೀಡ್’ ಎಂಬ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಬೀಜಧನ ಕೊಟ್ಟು, ತಮ್ಮ ಸುತ್ತಲಿನ ತೊಂದರೆಯೊಂದಕ್ಕೆ ತಾವೇ ಪರಿಹಾರ ಹುಡುಕುವಂತೆ ಪ್ರೋತ್ಸಾಹಿಸುತ್ತ ಬಂದಿದ್ದಾರೆ. ಹೊರದೇಶಕ್ಕೆ ಹೋಗಲೇಬೇಕೆಂದಿಲ್ಲ, ತೊಂದರೆಗಳಿಗೆ ನಮ್ಮ ಬೀದಿಯಲ್ಲಿಯೂ ಕೊರತೆಯಿಲ್ಲ.

ಈಗ ಊಟದ ಮನೆಗೆ ಹಿಂದಿರುಗೋಣ. ಅಜ್ಜನವರಿಗೆ ಹೇಳಬಹುದಾದ ಉತ್ತರ: ಇದು ಹಳೆಯ ಮಂಡಿಯ ವಿದ್ಯೆಯೇ; ಪುಸ್ತಕದ ವಿದ್ಯೆ ಅದಕ್ಕೆ ಜೊತೆಯಾಗಿದೆ, ಅಷ್ಟೆ. ತಾಯಿಗೆ: ತರಗತಿಯ ಮಾದರಿಗೆ ರಟ್ಟು, ಬಟ್ಟೆ, ದಾರ ಸಾಕು, ಮನೆಯ ಉಳಿತಾಯವನ್ನು ಅದರಲ್ಲಿ ಹಾಕುವ ಅಗತ್ಯವಿಲ್ಲ, ಹಾಕಲೂ ಬಾರದು. ತಂದೆಗೆ: ಇಂಥ ತರಗತಿಗಳಲ್ಲಿ ಹುಟ್ಟುವ ಯೋಜನೆಗಳೆಲ್ಲ ಉದ್ಯಮಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಾಲ್ವರೊಡನೆ ಕೂಡಿ ದುಡಿಯುವುದು, ಬೇರೆಯವರ ಕಷ್ಟವನ್ನು ಹೋಗಿ ನೋಡುವುದು, ತಪ್ಪಿದಾಗ ತಿದ್ದಿಕೊಳ್ಳುವುದು, ಈ ಮೂರನ್ನು ಕಲಿತವರು ಯಾವ ಕೆಲಸಕ್ಕೆ ಹೋದರೂ ಅದು ವ್ಯರ್ಥವಾಗುವುದಿಲ್ಲ.

ಮಗಳಿಗೆ ಮಾತ್ರ ಉತ್ತರ ಕೊಡಬೇಡಿ, ಪ್ರಶ್ನೆ ಕೇಳಿ. "ನೀವು ಮಾಡುತ್ತಿರುವುದು ಯಾರಿಗೆ ಬೇಕು? ಅವರನ್ನು ಹೋಗಿ ಕಂಡಿರಾ? ಅವರು ನಿಮ್ಮನ್ನು ಎಲ್ಲಿ ತಿದ್ದಿದರು?" ಕೊನೆಯ ಪ್ರಶ್ನೆಗೆ ಅವಳ ಬಳಿ ಉತ್ತರವಿದ್ದರೆ, ಅಂಕ ಎಷ್ಟೇ ಬರಲಿ, ಪಾಠ ಆಗಿದೆ ಎಂದು ತಿಳಿಯಿರಿ.